ಎಡಗೈ ಗವಸಿನ ಗಂಟು

ನ್ಯೂಫೌಂಡ್‌ಲ್ಯಾಂಡಿನ ಕಡಲ ದಂಡೆಯ ಆ ಮನೆಯಲ್ಲಿ ಮುದುಕಿ ಎಫಿಯ ಕೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಮರೆವಿನ ಕಾಯಿಲೆ ಬಂದು ಮೂರು ವರ್ಷ. ಮಗಳು ಮರ್ಟಲ್‌ಳ ಹೆಸರೇ ಮರೆತಿತ್ತು. ಕೈ ಮಾತ್ರ ದಿನವಿಡೀ ಏನನ್ನೋ ಹುಡುಕುತ್ತಿತ್ತು. ಅಂಗಿಯ ಗುಂಡಿ ಕೀಳುವುದು, ಹೊದಿಕೆಯ ದಾರ ಎಳೆಯುವುದು, ಏನೂ ಸಿಗದಿದ್ದರೆ ಮಣಿಕಟ್ಟನ್ನೇ ಕೆರೆದು ರಕ್ತ ಬರಿಸಿಕೊಳ್ಳುವುದು.

“ಒಂದೊಂದ್ಸಲ ಕೈ ಕಟ್ಟಿ ಹಾಕ್ಬಿಡೋಣ ಅನ್ಸುತ್ತೆ,” ಎಂದಳು ಮರ್ಟಲ್. ಅಂದ ಮೇಲೆ ಅವಳಿಗೇ ಅಳು ಬಂತು.

ಚಹಾಕ್ಕೆ ಬಂದಿದ್ದ ಪಕ್ಕದ ಮನೆಯ ಬ್ಲಾಂಚ್ ಮೂವತ್ತು ವರ್ಷ ದಾದಿಯಾಗಿದ್ದವಳು. “ಕಟ್ಟೋದಲ್ಲ ಕಣೇ, ಕೈಗೆ ಕೆಲಸ ಕೊಡ್ಬೇಕು. ಎಲ್ಲಾದ್ರೂ ನೋವಿದ್ಯಾ ಅಂತ ಡಾಕ್ಟರ್ ನೋಡಿದ್ರಾ?”

“ನೋಡಿದ್ರು, ಏನೂ ಇಲ್ವಂತೆ. ಕ್ರಿಸ್‌ಮಸ್‌ಗೆ ಹೊಸ ಕೌದಿ ಹೊಲಿದುಕೊಟ್ಟೆ. ಚರ್ಚಿನ ಹೊಲಿಗೆ ಸ್ಪರ್ಧೇಲಿ ಇಟ್ಟಿದ್ರೆ ಮೊದಲ್ನೇ ಬಹುಮಾನ ಬರ್ತಿತ್ತು. ಅಮ್ಮ ಒದ್ದು ಕೆಳಗೆ ಹಾಕಿದ್ಲು!”

“ಬಹುಮಾನ ಕೊಡೋರು ಕಣ್ಣಲ್ಲಿ ನೋಡ್ತಾರೆ ಮಾರಾಯ್ತಿ. ನಿಮ್ಮಮ್ಮ ಬೆರಳಲ್ಲಿ ನೋಡ್ತಾರೆ. ಹೊಸ ಬಟ್ಟೇಲಿ ಅವರಿಗೆ ಏನು ಸಿಗುತ್ತೆ? ಅವರ ಕೈ ಆಡಿದ್ದು ಹುಡುಕು. ನಿಮ್ಮಪ್ಪಂದು ಏನೂ ಇಲ್ವಾ?”

ಇತ್ತು. ಪೆಟ್ಟಿಗೆಯ ತಳದಲ್ಲಿ ಒಂದು ಜೊತೆ ಉಣ್ಣೆಯ ಗವಸು. ತೀರಿಹೋದ ಅಪ್ಪ ಹೆಡ್ಲಿಯ ಮೀನು ಹಿಡಿಯುವ ದೋಣಿಯಲ್ಲಿ ಆರು ಜನರಿದ್ದರು. ನಸುಕಿನ ಕತ್ತಲಲ್ಲಿ ಎಲ್ಲರ ಗವಸೂ ಅದಲುಬದಲು. ಅದಕ್ಕೇ ಅಮ್ಮ ಎಡಗೈಯದರ ಒಳಗೆ ಬಟಾಣಿಯಷ್ಟು ಗಂಟು ಹಾಕುತ್ತಿದ್ದಳು, ಇದು ತನ್ನದೇ ಎಂದು ಅವನ ಹೆಬ್ಬೆರಳಿಗೆ ತಿಳಿಯಲೆಂದು. ಒಲೆಯ ಪಕ್ಕ ಕೂತು ಅಪ್ಪನ ಕೈಯನ್ನು ಮಡಿಲಿಗೆಳೆದು ಅಳತೆ ನೋಡುತ್ತಿದ್ದಳು. ಅಪ್ಪ ಬೇಕೆಂದೇ ಬೆರಳು ಕುಣಿಸುತ್ತಿದ್ದ. “ಸುಮ್ನಿರಿ, ಮಗು ಥರ ಆಡ್ಬೇಡಿ,” ಎಂದು ಅಮ್ಮ ಗದರುತ್ತಿದ್ದಳು. ಆ ಅಡುಗೆಮನೆ, ಕಾಕಂಬಿ ಹಾಕಿದ ರೊಟ್ಟಿಯ ಆ ವಾಸನೆ ನೆನೆದು ಮರ್ಟಲ್ ಪೆಟ್ಟಿಗೆಯ ಕಡೆ ನೋಡಿದಳು.

“ಅಪ್ಪಂದು ಅಂತ ಉಳಿದಿರೋದು ಅದೊಂದೇ. ಎರಡು ದಿನದಲ್ಲಿ ಚಿಂದಿ ಮಾಡ್ತಾಳೆ.”

“ಮಾಡ್ಲಿ ಬಿಡು. ಪೆಟ್ಟಿಗೇಲಿಟ್ಟು ಹುಳಕ್ಕೆ ಉಣಿಸ್ತೀಯಾ?”

ಒಂದು ವಾರ ಮರ್ಟಲ್‌ಗೆ ಮನಸ್ಸು ಬರಲಿಲ್ಲ. ಎಂಟನೆಯ ದಿನ ಅಮ್ಮನ ಮಣಿಕಟ್ಟಿಗೆ ಮತ್ತೆ ಪಟ್ಟಿ ಕಟ್ಟಬೇಕಾಯಿತು. ಅಂದೇ ಕೂತಳು. ತೊಡೆಯಗಲದ ಕೌದಿಗೆ ಅಮ್ಮನ ಹಳೆಯ ಕೋಟಿನ ದೊಡ್ಡ ಗುಂಡಿ, ಅವಳ ಲಂಗದ ಜೇಬು, ನಡುವೆ ಕೈ ತೂರುವಂತೆ ಎಡಗೈ ಗವಸು. ಎಲ್ಲವನ್ನೂ ಜೋಡಿ ದಾರದಲ್ಲಿ ಭದ್ರವಾಗಿ ಹೊಲಿದಳು.

ಕೌದಿಯನ್ನು ಮಡಿಲಿಗೆ ಹಾಸಿದಾಗ ಎಫಿ ಗುಂಡಿಯನ್ನು ಎಳೆದಳು. ಜೇಬಿಗೆ ಕೈ ಹಾಕಿದಳು. ಆಮೇಲೆ ಅವಳ ಹೆಬ್ಬೆರಳು ಗವಸಿನೊಳಗೆ ಹೋಗಿ ಗಂಟಿನ ಮೇಲೆ ನಿಂತಿತು. ತಿಂಗಳುಗಳ ಮೇಲೆ ಆ ಕೈ ನಿಂತದ್ದು ಅದೇ ಮೊದಲು.

“ಇದು ನಮ್ದು,” ಎಂದಳು. ಮರ್ಟಲ್‌ಳ ಕೈ ಹಿಡಿದೆಳೆದು ಗವಸಿನೊಳಗೆ ತೂರಿಸಿದಳು. “ಎಷ್ಟು ತಣ್ಣಗಿದೆ ನಿನ್ ಕೈ! ಹೀಗೇನಾ ಹೊರಗೆ ಹೋಗೋದು?”

ಹೆಸರು ನೆನಪಾಗಲಿಲ್ಲ. ಕಾಯಿಲೆ ವಾಸಿಯಾಗಲಿಲ್ಲ. ಮಣಿಕಟ್ಟಿನ ಗಾಯ ಮಾತ್ರ ಮಾಯಿತು. ಗವಸು ಹೆಬ್ಬೆರಳ ಹತ್ತಿರ ಬಿಚ್ಚಿಕೊಂಡಾಗ ಮರ್ಟಲ್ ಗೊಣಗದೆ ಹೊಲಿದಳು. ಮುಂದೆ ಬೇಕಾದೀತೆಂದು ಬಲಗೈಯದನ್ನೂ ಪೆಟ್ಟಿಗೆಯಿಂದ ತೆಗೆದಿಟ್ಟಳು.

ನಿಮ್ಮ ಮನೆಯಲ್ಲೂ ಹೀಗೆ ತಡಕಾಡುವ ಕೈಗಳಿವೆಯೇ? ಗದರಬೇಡಿ, ಕಟ್ಟಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಆಮೇಲೆ ಹಳೆಯ ಪೆಟ್ಟಿಗೆ ತೆರೆಯಿರಿ, ಅವರ ಬೆರಳಿಗೆ ಗುರುತಿರುವುದನ್ನು ಹೊಲಿದುಕೊಡಿ. ಪಿನ್ನು ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುವಂಥ ಸಣ್ಣ ಮಣಿ ಬೇಡ. ಮತ್ತೆ ಪಕ್ಕದಲ್ಲಿ ಕೂತು ನಿಮ್ಮ ಕೈಯನ್ನೂ ಕೊಡಿ. ನೀವು ಯಾರೆಂದು ಅವರು ಮರೆತಿರಬಹುದು, ನಿಮ್ಮ ಕೈ ತಣ್ಣಗಿದೆಯೆಂದು ಅವರಿಗೆ ಇನ್ನೂ ತಿಳಿಯುತ್ತದೆ.