ಕುಸುರೆಳ್ಳಿನ ಶೆಡ್ಡಿಗೆ ಹಾಕಿದ ಕರಿ ಸ್ವಿಚ್ಚು

ನಸುಕಿನ ಐದೂವರೆ. ಹಿತ್ತಲ ಶೆಡ್ಡಿನಲ್ಲಿ ನೀಲಗಂಗಾ ಅಗಲ ತಟ್ಟೆಯಂಥ ಪರಾತದ ಮುಂದೆ ಕೂತು, ಬೆಚ್ಚಗಿನ ಎಳ್ಳಿನ ಮೇಲೆ ಒಂದೊಂದೇ ಚಮಚ ಸಕ್ಕರೆ ಪಾಕ ಬಿಡುತ್ತ, ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸುತ್ತಿದ್ದಳು. ಎಳ್ಳಿನ ಮೈಮೇಲೆ ಸಕ್ಕರೆಯ ಬಿಳಿ ಮುಳ್ಳು ಆಗಷ್ಟೇ ಏಳತೊಡಗಿತ್ತು. ಮುಂದಿನ ಚಮಚ ಬಿಡುವಾಗ ದೀಪ ಆರಿತು. ಕತ್ತಲಲ್ಲಿ ಪಾಕವೆಲ್ಲ ಒಂದೇ ಕಡೆ ಸುರಿಯಿತು. ದೀಪ ಮತ್ತೆ ಹತ್ತುವಷ್ಟರಲ್ಲಿ ಎಳ್ಳು ಗಂಟುಗಂಟಾಗಿತ್ತು.

ಆರಿಸಿದ್ದು ನಾನು. ನಾನು ಒಂದು ಸ್ವಿಚ್ಚು. ಆ ಮನೆಯ ಪಡಸಾಲೆಯ ಗೋಡೆಯಲ್ಲಿ, ಯಜಮಾನರ ಕುರ್ಚಿಯ ಪಕ್ಕದಲ್ಲಿ ಇದ್ದೇನೆ. ಒತ್ತಿದ ಬೆರಳು ಅವರದು. ಆದರೆ ಆ ಕತ್ತಲು ನನ್ನ ಮೂಲಕವೇ ಹೋಯಿತು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಕರಿ ಪುಡಿಯನ್ನು ಅಚ್ಚಿಗೆ ತುಂಬಿ, ಕಾಯಿಸಿ ಒತ್ತಿದರು. ಹೊಟ್ಟೆಗೆ ಹಿತ್ತಾಳೆಯ ತುಂಡು, ಒಂದು ಪುಟ್ಟ ಸ್ಪ್ರಿಂಗು. ಸಾಲಿನ ಕೊನೆಗೆ ಕೂತ ಹೆಂಗಸೊಬ್ಬಳು ನನ್ನನ್ನು ಮೂರು ಸಲ ಟಕ್ ಟಕ್ ಎನಿಸಿ, ಮುಖವನ್ನೂ ನೋಡದೆ ಪೆಟ್ಟಿಗೆಗೆ ಎಸೆದಳು.

ಅಲ್ಲಿಂದ ಒಂದು ಬಸ್ ಡಿಪೋಗೆ ಬಂದೆ. ಡ್ರೈವರುಗಳು ಮಲಗುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಗ್ರೀಸು ಮೆತ್ತಿದ ಬೆರಳು, ಸುಣ್ಣ ಹತ್ತಿದ ಬೆರಳು, ನಿದ್ದೆಗಣ್ಣಲ್ಲಿ ಗೋಡೆ ತಡಕಾಡುವ ಬೆರಳು, ಎಲ್ಲ ನೋಡಿದೆ. ಮುಖ ನೋಡಿ ಮನಸ್ಸು ತಿಳಿಯುವವರಿದ್ದಾರಂತೆ. ನನಗೆ ಬೆರಳಷ್ಟೇ ಸಾಕು. ಕೋಣೆಗೆ ಹೊಸ ಬಿಳಿ ಸ್ವಿಚ್ಚುಗಳು ಬಂದ ದಿನ ಟೈಮ್‌ಕೀಪರ್ ಮುರಿಗೆಪ್ಪನವರು ನನ್ನನ್ನು ಬುತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ತುಕ್ಕು ಹಿಡಿದ ಕೀಲಿಕೈಗಳ ಜೊತೆ ಮೇಜಿನ ಖಾನೆಯಲ್ಲಿ ಒಂಬತ್ತು ವರ್ಷ ಬಿದ್ದಿದ್ದೆ. ಅಷ್ಟರಲ್ಲಿ ಅವರು ನಿವೃತ್ತರಾದರು.

ನನ್ನನ್ನು ಮತ್ತೆ ಬೆಳಕಿಗೆ ತಂದದ್ದು ಅವರ ಹೆಂಡತಿ ನೀಲಗಂಗಾಳ ಕುಸುರೆಳ್ಳು. ಆಕೆಯ ತಂಗಿಯ ಸೊಸೆಗೆ ಮದುವೆಯಾದ ಮೇಲೆ ಇದು ಮೊದಲ ಸಂಕ್ರಾಂತಿ. ಹುಡುಗಿಗೆ ತೊಡಿಸುವ ಸರ, ಬಳೆ, ಬೈತಲೆಬೊಟ್ಟು, ಎಲ್ಲವನ್ನೂ ಕುಸುರೆಳ್ಳಿನಲ್ಲೇ ಮಾಡಿಕೊಡುವುದಾಗಿ ನೀಲಗಂಗಾ ಒಪ್ಪಿಕೊಂಡಿದ್ದಳು. ಥಂಡಿ ಇದ್ದಷ್ಟೂ ಎಳ್ಳಿಗೆ ಮುಳ್ಳು ಚೆನ್ನಾಗಿ ಏಳುತ್ತದೆ. ಅಡುಗೆಮನೆಯ ಬಿಸಿಗೆ ಏಳುವುದಿಲ್ಲ. ಹಿತ್ತಲ ತಗಡಿನ ಶೆಡ್ಡು ನಸುಕಿನಲ್ಲಿ ಕೊರೆಯುತ್ತದೆ. ಅಲ್ಲೊಂದು ದೀಪ, ಸಣ್ಣ ಕರೆಂಟಿನ ಒಲೆಗೆ ಒಂದು ಪ್ಲಗ್ಗು ಬೇಕು ಎಂದಳು.

ವೈರಿಂಗ್ ಮಾಡಲು ದಾದಾಪೀರ ಬಂದ. ಕಾಂಪೌಂಡ್ ಗೋಡೆಗುಂಟ ಪೈಪು ಎಳೆದು, ಶೆಡ್ಡಿನ ತೊಲೆಗೆ ಬಲ್ಬು ತೂಗಿಸಿ, "ಸ್ವಿಚ್ಚು ಶೆಡ್ಡಿನ್ಯಾಗ ಹಾಕ್ತೇನ್ರಿ ಕಾಕಾ," ಎಂದ.

"ಬ್ಯಾಡ. ಇಲ್ಲೇ ಪಡಸಾಲ್ಯಾಗ ಹಾಕು. ಇಕಿ ಆರಸೂದು ಮರೀತಾಳ. ತಗೋ, ಇದು ಡಿಪೋದ್ದು, ಗಟ್ಟಿ ಮಾಲು," ಎಂದು ಮುರಿಗೆಪ್ಪನವರು ನನ್ನನ್ನು ಕೊಟ್ಟರು.

"ದೀಪ ಅಲ್ಲಿ, ಸ್ವಿಚ್ಚು ಇಲ್ಲೇನ್ರಿ? ಕೆಲಸ ಮಾಡವರು ಕಾಕು."

"ಮನಿ ಯಾರ್ದಪಾ?"

ದಾದಾಪೀರ ನೀಲಗಂಗಾಳ ಕಡೆ ನೋಡಿದ. ಆಕೆ ಅವನು ಹತ್ತಿ ನಿಂತ ಸ್ಟೂಲು ಹಿಡಿದುಕೊಂಡು, ಕೆಂಪು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಸುಮ್ಮನೆ ನೋಡುತ್ತಿದ್ದಳು. ದೀಪ, ಪ್ಲಗ್ಗು ಎರಡೂ ನನ್ನೊಬ್ಬನ ಹಿಡಿತಕ್ಕೆ ಬಂದವು.

ವಾರ ಕಳೆಯುವುದರೊಳಗೆ ಮುರಿಗೆಪ್ಪನವರು ಒಂದು ಪದ್ಧತಿ ಮಾಡಿಕೊಂಡರು. ಒಮ್ಮೆ ಆರಿಸಿ ಹಚ್ಚಿದರೆ ಚಹಾ ಬೇಕು. ಎರಡು ಸಲವೆಂದರೆ ಬಾಗಿಲಿಗೆ ಯಾರೋ ಬಂದಿದ್ದಾರೆ. ಮೂರು ಸಲವೆಂದರೆ ಚಷ್ಮಾ ಸಿಗುತ್ತಿಲ್ಲ. ಡಿಪೋದಲ್ಲಿ ಸೀಟಿ ಊದಿ ಬಸ್ಸು ಬಿಟ್ಟ ಮನುಷ್ಯ. ಕೂತಲ್ಲಿಂದ ಏಳದೆ ಕೆಲಸವಾದರೆ ಅವರಿಗೆ ಖುಷಿ. ಮೊದಮೊದಲು ನನಗೂ ಹೆಮ್ಮೆಯೇ ಇತ್ತು. ಗಂಟು ಬಿದ್ದ ಎಳ್ಳನ್ನು ಬುಟ್ಟಿಗೆ ಸುರಿದ ಸಪ್ಪಳ ಎರಡು ಸಲ ಕೇಳಿದ ಮೇಲೆ ಆ ಹೆಮ್ಮೆ ಉಳಿಯಲಿಲ್ಲ.

ನಾನು ಮೊದಲು ಹೇಳಿದ ಆ ನಸುಕಿನಲ್ಲಿ, ಎರಡನೆಯ ಸಲ ಗಂಟು ಬಿದ್ದಾಗ, ನೀಲಗಂಗಾ ಚಹಾ ತಂದಿಟ್ಟು ಹೇಳಿದಳು: "ಕೆಲಸದಾಗ ಇದ್ದಾಗ ಆರಸಬ್ಯಾಡ್ರಿ. ಪಾಕ ಒಂದ ಕಡೆ ಬೀಳ್ತೈತಿ."

"ಒಂದು ಗಳಿಗಿ ಕತ್ತಲಾದ್ರ ನಿನ್ನ ಎಳ್ಳು ಓಡಿ ಹೋಗ್ತಾವೇನು?"

"ಕೂಗಿ ಕರೀರಿ."

"ನಸುಕಿನ್ಯಾಗ ಕೂಗಿದ್ರ ಓಣಿ ಮಂದಿ ಏನಂದಾರು?"

ಹಬ್ಬಕ್ಕೆ ಇನ್ನು ಐದೇ ದಿನ. ಮುಳ್ಳು ಪೂರ್ತಿ ಏಳಲು ನಾಲ್ಕು ನಸುಕು ಬೇಕು. ಇನ್ನೊಮ್ಮೆ ಕೆಟ್ಟರೆ ಆ ಹುಡುಗಿ ಅಂಗಡಿಯ ಸರ ಹಾಕಿಕೊಂಡು ಕೂರಬೇಕಾಗುತ್ತಿತ್ತು.

ಅದೇ ಮಧ್ಯಾಹ್ನ ಯಜಮಾನರು ಪಿಂಚಣಿದಾರರ ಸಭೆಗೆ ಹೋದರು. ನೀಲಗಂಗಾ ಮೇನ್ ಆಫ್ ಮಾಡಿದಳು. ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡು ನನ್ನ ತಿರುಪು ಬಿಚ್ಚಿದಳು. ನನ್ನ ಹೊಟ್ಟೆಯಿಂದ ಎರಡೂ ವೈರು ಹೊರಗೆ ಎಳೆದು, ಒಂದಕ್ಕೊಂದು ಬಿಗಿಯಾಗಿ ಕೂಡಿಸಿ, ಟೇಪು ಸುತ್ತಿ ನನ್ನ ಬೆನ್ನ ಹಿಂದೆ ತಳ್ಳಿದಳು. ಇನ್ನು ಕರೆಂಟು ನನ್ನನ್ನು ಮುಟ್ಟದೆ ನೇರ ಶೆಡ್ಡಿಗೆ ಹೋಗುತ್ತದೆ. ಆಮೇಲೆ ನನ್ನನ್ನು ಮೊದಲಿನಂತೆಯೇ ಕೂರಿಸಿ, ಗೋಡೆಯ ಮಣ್ಣು ಒರೆಸಿದಳು. ದೀಪವನ್ನು ಅಲ್ಲೇ ಹಚ್ಚಿ ಆರಿಸಲು, ಸ್ವಿಚ್ಚಿರುವ ಒಂದು ಬಲ್ಬ್ ಹೋಲ್ಡರನ್ನು ಸಂತೆ ಚೀಲದಿಂದ ತೆಗೆದುಕೊಂಡು ಹಿತ್ತಲಿಗೆ ಹೋದಳು. ದಾದಾಪೀರನ ಕೆಲಸ ನೋಡಿಕೊಂಡಿದ್ದವಳ ಬೆರಳು ಎಲ್ಲೂ ತಪ್ಪಲಿಲ್ಲ.

ಮರುದಿನ ನಸುಕಿನಲ್ಲಿ ಮುರಿಗೆಪ್ಪನವರು ನನ್ನನ್ನು ಒತ್ತಿದರು. ಟಕ್ ಎಂದೆ. ಕಾದರು. ಮತ್ತೆ ಒತ್ತಿದರು. ಕಿಟಕಿಯಾಚೆ ಶೆಡ್ಡಿನ ಬೆಳಕು ಅಲುಗಲಿಲ್ಲ. ಐದಾರು ಸಲ ಒತ್ತಿ, ಗೊಣಗಿ, ಮಫ್ಲರ್ ಸುತ್ತಿಕೊಂಡು ತಾವೇ ಹಿತ್ತಲಿಗೆ ಹೋದರು. ಶೆಡ್ಡಿನ ಸುದ್ದಿ ಈಗ ನನಗೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿರುಗಿ, ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳ ಮಾಡಿ, ಚಹಾ ಲೋಟ ಹಿಡಿದು ಬಂದು ಕೂತರು. ಒಂದು ಗುಟುಕು ಕುಡಿದು, ಎದ್ದು ಹೋಗಿ ಸಕ್ಕರೆ ಹಾಕಿಕೊಂಡು ಬಂದರು.

ಬೆಳಗಾದ ಮೇಲೆ ನೀಲಗಂಗಾ ಒಳಗೆ ಬಂದಾಗ ಹೇಳಿದರು: "ಈ ಸ್ವಿಚ್ಚು ಹೋಗೇತಿ. ದಾದಾಪೀರಗ ಒಂದು ಫೋನ್ ಹಚ್ಚು."

"ಸಂಕ್ರಾಂತಿ ಮುಗೀಲಿ ತಗೋರಿ."

"ಗಟ್ಟಿ ಮಾಲಿತ್ತು. ವಯಸ್ಸಾತು ಅದಕ್ಕೂ."

ಅವರು ಹೇಳಿದ್ದು ಸುಳ್ಳಲ್ಲ. ನನಗೆ ವಯಸ್ಸಾಗಿದೆ. ಈಗ ನನ್ನೊಳಗೆ ಏನೂ ಹರಿಯುವುದಿಲ್ಲ. ಒಂದು ಕಾಲಕ್ಕೆ ಕೋಣೆ ತುಂಬ ಬೆಳಕು ಕೊಟ್ಟವನಿಗೆ ಈ ನಿರುದ್ಯೋಗ ನೋವು ಕೊಡುತ್ತದೆಂದುಕೊಂಡಿದ್ದೆ. ಕೊಡಲಿಲ್ಲ. ದೀಪ ಹಚ್ಚುವುದಷ್ಟೇ ನನ್ನ ಕೆಲಸವೆಂದು ತಿಳಿದಿದ್ದೆ. ಯಾರದೋ ಕೈಗೆ ಅಡ್ಡ ಬಾರದೆ ಗೋಡೆಯಲ್ಲಿ ಸುಮ್ಮನಿರುವುದೂ ಒಂದು ಕೆಲಸವೇ.

ಅವರು ಸ್ನಾನಕ್ಕೆ ಎದ್ದು ಹೋದ ಮೇಲೆ ನೀಲಗಂಗಾ ನನ್ನ ಹತ್ತಿರ ಬಂದಳು. ಬಿಸಿಗೆ ಕೆಂಪಾದ ಬೆರಳನ್ನು ನನ್ನ ಮೇಲಿಟ್ಟಳು, ಒತ್ತಲಿಲ್ಲ. ಬೆರಳಿನಿಂದಲೇ ನನಗೆ ತಿಳಿಯಿತು. ಸಂಕ್ರಾಂತಿ ಮುಗಿದ ಮೇಲೂ ದಾದಾಪೀರನಿಗೆ ಆ ಫೋನು ಹೋಗುವುದಿಲ್ಲ.