ಹಾಲು ಆರುವವರೆಗೆ

ಫ್ಯಾನಿನ ಒಂದು ರೆಕ್ಕೆಯ ಮೇಲೆ ಮಾತ್ರ ಧೂಳು ಕೂತಿದೆ, ಮಿಕ್ಕೆರಡನ್ನು ಒರೆಸಿದವಳನ್ನು ಯಾರೋ ಕೂಗಿರಬೇಕು, ಅಲ್ಲಿಗೇ ಬಿಟ್ಟು ಓಡಿದ್ದಾಳೆ, ಹೆರಿಗೆ ಆಸ್ಪತ್ರೆಯಲ್ಲಿ ಕೂಗಿದ ಮೇಲೆ ಓಡಲೇಬೇಕಲ್ಲ — ಮಲಗಿದರೆ ಮಾತ್ರ ಕಾಣುವ ಧೂಳು, ಈ ಮಂಚದ ಮೇಲೆ ಮಲಗಿದ ಹೆಂಗಸರೆಲ್ಲ ನೋಡಿಯೇ ಇರುತ್ತಾರೆ. ಪಕ್ಕದಲ್ಲಿ ಶಾಂತಿ ಸಿಸ್ಟರ್ ಅಂಗೈಗೆ ಅಂಗೈ ಉಜ್ಜುತ್ತಿದ್ದಾರೆ, ಬೆಚ್ಚಗಾಗಲಿ ಮಾನಸಾ, ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿ ಮಾಡ್ಕೊಂಡ್ಬಿಡ್ತೀರ, ಆಗ ನಂಗೇನೂ ಸಿಗಲ್ಲ. ಹೆರಿಗೆ ಮಾಡಿಸುವುದನ್ನೇ ಬೇರೆಯಾಗಿ ಕಲಿತು ಬಂದ ನರ್ಸು ಇವರು, ತೊಡಕಿಲ್ಲದ ಬಸುರಿಯರನ್ನು ಇಲ್ಲಿ ಮೊದಲಿಂದ ಕೊನೆಯವರೆಗೂ ಇವರೇ ನೋಡುವುದು. ಬಾಗಿಲಾಚೆ ಬೆಂಚಿನ ಮೇಲೆ ಅತ್ತೆ ರೇವಮ್ಮ, ತೊಡೆಯ ಮೇಲೆ ಫ್ಲಾಸ್ಕು. ಇವತ್ತು ಮಗುವಿನ ತಲೆ ಕೆಳಗೆ ಬಂದಿದ್ದರೆ ನಾನು ಹೇಳಿದ ಹಾಗೆ, ಇವರ ಕೈಯಲ್ಲಿ ಹೆರಿಗೆ, ಬಂದಿಲ್ಲದಿದ್ದರೆ ಅತ್ತೆ ಹೇಳಿದ ಹಾಗೆ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ನು, ಅದೂ ಅಯ್ಯನವರು ಪಂಚಾಂಗ ನೋಡಿ ಆರಿಸಿಕೊಟ್ಟ ಸೋಮವಾರದ ಬೆಳಗ್ಗೆ — ಹೀಗಂತ ಮಾತಾಗಿದೆ, ಆ ಮಾತು ಆಡಿದವಳು ನಾನೇ, ಯಾರೂ ನನ್ನಿಂದ ಆಡಿಸಿದ್ದಲ್ಲ. ಹೋದ ತಿಂಗಳ ಸ್ಕ್ಯಾನಿನಲ್ಲಿ ತಲೆ ಮೇಲಿತ್ತು, ಇನ್ನೂ ಟೈಮಿದೆ, ತಿರುಗಬಹುದು, ಅಂದಿದ್ದರು ಡಾಕ್ಟರಮ್ಮ, ಅತ್ತೆಯ ಕಿವಿಗೆ ಬಿದ್ದದ್ದು ತಲೆ ಮೇಲಿದೆ ಅನ್ನುವುದೊಂದೇ, ನಮ್ಮೂರು ದುದ್ದಕ್ಕೆ ವಾಪಸು ಬರುವಷ್ಟರಲ್ಲಿ ಅಯ್ಯನವರಿಗೆ ಫೋನು, ನಕ್ಷತ್ರ, ಗಳಿಗೆ, ಮಾವ ಚಂದ್ರಶೇಖರಯ್ಯನವರು ಕೊಬ್ಬರಿ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ, ಸ್ವಾಮಾರ ಬೆಳಿಗ್ಗೆ ಕಣಪ್ಪ ಮೊಮ್ಮಗು ಬರಾದು. ಅದೇನು ಬಸ್ಸಿಗೆ ಸೀಟು ಬುಕ್ ಮಾಡೈತಾ, ಅಂತ ನಾನಂದದ್ದಕ್ಕೆ ಊಟಕ್ಕೆ ಕೂತಿದ್ದ ಗಂಡ ರಜನೀಶ್ ನಕ್ಕು ಅನ್ನ ನೆತ್ತಿಗೆ ಹತ್ತಿಸಿಕೊಂಡ, ನೀರು ಕುಡಿಯೋ ಮೊದ್ಲು, ಹೆಂಡ್ತಿ ಜೋಕಿಗೆ ಆಮೇಲೆ ನಗೀವಂತೆ, ಅಂತ ಅತ್ತೆ ಮಗನ ನೆತ್ತಿ ತಟ್ಟಿದರು, ನನ್ನ ಕಡೆ ತಿರುಗಿ, ಅಲ್ಲ ಕಣಮ್ಮಿ, ಈ ಕಾಲ್ದಲ್ಲಿ ಸೂಲಗಿತ್ತಿ ತಾವ ಓಯ್ತೀನಿ ಅಂತೀಯಲ್ಲ, ಓದ್ದೋಳಾ ನೀನು, ನಮ್ ಮಾನ್ಯ ನೋಡು, ಎಸಿ ರೂಮ್ನಲ್ಲಿ ಮಲ್ಗಿದ್ದು ಮಗಾ ಎತ್ಕೊಂಡ್ ಬಂದ್ಲು. ಮಾನ್ಯ ನನ್ನ ನಾದಿನಿ, ಅವಳಿಗೆ ಆಪರೇಷನ್ ಬೇಕಿತ್ತು, ಆಯಿತು, ಒಳ್ಳೆಯದೇ ಆಯಿತು, ನನಗೂ ಬೇಕಾದರೆ ಆಗಲಿ, ಆದರೆ ಬೇಕೋ ಬೇಡವೋ ಅನ್ನುವುದು ಇನ್ನೂ ಗೊತ್ತಾಗಬೇಕಲ್ಲ, ಹಾಲು ಆರಬೇಡವೇ.

ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವ ಕೆಲಸಕ್ಕೆ ಸೇರಿದ ಹೊಸತು, ಗುಂಡಯ್ಯನವರ ಹಾಲಿಗೆ ಸೆಕ್ರೆಟರಿ ನಾಗೇಶ್ ಲ್ಯಾಕ್ಟೋಮೀಟರ್ ಬಿಟ್ಟ, ಗಾಜಿನ ಕಡ್ಡಿ ಕುತ್ತಿಗೆಯವರೆಗೂ ಮುಳುಗಿತು, ನೀರು ಬಿದ್ದೈತೆ, ಅಂದುಬಿಟ್ಟ, ಸಾಲಿನಲ್ಲಿದ್ದವರು ನಕ್ಕರು, ಗುಂಡಯ್ಯನವರು ಕ್ಯಾನು ಮುಂದಕ್ಕೆ ತಳ್ಳಿದರು, ಈಗ ಕರ್ಕಂಡ್ ಬತ್ತಾ ಇವ್ನಿ ಕಣ್ಲಾ, ನೊರೆನೇ ಇಳ್ದಿಲ್ಲ, ಬೇಕಾದ್ರೆ ಬಸವಣ್ಣನ ಮುಟ್ಟಿ ಆಣೆ ಮಾಡ್ತೀನಿ — ಆಣೆ ಬ್ಯಾಡಿ, ಕ್ಯಾನು ಅತ್ಲಾಗಿಡಿ, ಆರ್ಲಿ, ಅಂದೆ ನಾನು. ಕರೆದ ಬಿಸಿಯಲ್ಲಿ ಹಾಲು ತೆಳು, ನೀರು ಬೆರೆಸಿದಂತೆಯೇ ತೋರುತ್ತದೆ, ಆರಿದ ಮೇಲೆ ಬಿಟ್ಟರೆ ಕಡ್ಡಿ ಒಂದೆರಡು ಸಲ ಕುಣಿಯಿತು, ಭಾರದ ಬುರುಡೆ ಕೆಳಗೆ, ಸಣ್ಣ ಕತ್ತು ಮೇಲೆ, ನಿಲ್ಲಬೇಕಾದ ಗೆರೆಗೆ ನೆಟ್ಟಗೆ ನಿಂತಿತು. ಅವತ್ತಿನಿಂದ ದುದ್ದದಲ್ಲಿ ನಾನು ಆರ್ಲಿ ಮೇಡಮ್ಮು, ಹೆಸರಿಟ್ಟವರು ತಮಾಷೆಗೆ ಇಟ್ಟರು, ನಾನು ಮಾತ್ರ ಚಿನ್ನದ ಓಲೆಯ ಹಾಗೆ ತೊಟ್ಟುಕೊಂಡೆ.

ಮಗು ತಿರುಗಲಿ ಅಂತ ಮನೆಯಲ್ಲಿ, ಶಾಂತಿ ಸಿಸ್ಟರ್ ಹೇಳಿಕೊಟ್ಟಂತೆ, ಕೈಕಾಲು ಊರಿ ನೆಲದ ಮೇಲೆ ನಿಲ್ಲುತ್ತಿದ್ದೆ, ಇದರಿಂದ ತಿರುಗೇ ತಿರುಗುತ್ತೆ ಅಂತ ನಾನು ಹೇಳಲ್ಲ, ಬೆನ್ನಿಗೆ ಹಗುರ ಆಗುತ್ತೆ ಅಷ್ಟೇ, ಅಂದಿದ್ದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರಲ್ಲ, ಅವತ್ತೇ ಇವರ ಕೈ ಸಾಕು ಅನ್ನಿಸಿತ್ತು. ಅತ್ತೆ ಬಾಗಿಲಲ್ಲಿ ನಿಂತು, ಕೊಟ್ಟಿಗೇಲಿ ಜಾಗ ಸಾಲ್ದು ಅಂತ ನಡುಮನೇಲೂ ಒಂದ ಕಟ್ಟವ್ನೆ ನನ್ ಮಗ — ನಗು ತಡೆಯಲಾರದೆ ನಾನು ಮಗ್ಗುಲಿಗೆ ಬಿದ್ದೆ, ಅತ್ತೆಯೂ ನಕ್ಕರು, ತಕ್ಷಣ ನಗು ನಿಲ್ಲಿಸಿ ಒಳಗೆ ಹೋದರು, ಯಾಕೆ ಹಾಗೆ ಹೋದರು ಅನ್ನುವುದು ಇವತ್ತು ಬಸ್ಸಿನಲ್ಲಿ ತಿಳಿಯಿತು. ಕಿಟಕಿಯ ಕಡೆ ಮುಖ ಮಾಡಿಯೇ ಅಂದರು, ನನ್ ಮೊದಲ್ನೇದು ಮನೇಲೇ ಓಯ್ತು ಕಣವ್ವ, ರಜನೀಗಿಂತ ಮುಂಚೆ, ಅಡ್ಡ ನಿಂತಿತ್ತಂತೆ, ಸೂಲಗಿತ್ತಿ ತಾನೇ ಏನ್ ಮಾಡ್ತಾಳೆ, ಆಸ್ಪತ್ರೆಗೆ ಅಂತ ಗಾಡಿ ಕಟ್ಟೋ ಒತ್ಗೆ ಎಲ್ಲಾ ಮುಗ್ದಿತ್ತು. ರಾಗಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು, ನಾನು ಅವರ ಕೈ ಹಿಡಿದುಕೊಂಡೆ, ಬಳೆ ಸದ್ದಾಯಿತು, ಅಷ್ಟೇ — ನಕ್ಷತ್ರ, ಸೋಮವಾರ, ಎಸಿ ರೂಮು, ಎಲ್ಲದರ ಅಡಿಯಲ್ಲಿ ಇದ್ದದ್ದು ತಡವಾದ ಆ ಗಾಡಿ. ಆಸ್ಪತ್ರೆಗೆ ಬಂದವಳೇ, ಸಿಸ್ಟರ್, ನನ್ನನ್ನು ಆಮೇಲೆ ನೋಡಿ, ಮೊದಲು ನಮ್ಮತ್ತೆಗೆ ಆಪರೇಷನ್ ಥಿಯೇಟರು ಎಲ್ಲಿದೆ ತೋರಿಸಿ, ಅಂದೆ, ಅವರು ಅತ್ತೆಯ ಕೈ ಹಿಡಿದು ಮೇಲಿನ ಮಹಡಿಗೆ ಕರೆದುಕೊಂಡು ಹೋದರು, ಡಾಕ್ಟರಮ್ಮನನ್ನೂ ಮಾತಾಡಿಸಿದರಂತೆ, ಇಳಿದು ಬಂದ ಅತ್ತೆ ಬೆಂಚಿನ ಮೇಲೆ ಕೂತು ಅಂದದ್ದು ಒಂದೇ ಮಾತು, ಲಿಪ್ಟೈತೆ.

ಬೆಚ್ಚಗಿದೆ ಕೈ, ಎದೆಯ ಕೆಳಗೆ ಒತ್ತುತ್ತಿದೆ, ಹೋದ ಸಲ ಅಲ್ಲಿ ತೆಂಗಿನಕಾಯಿಯಂತೆ ಗಟ್ಟಿ ಸಿಕ್ಕಿತ್ತು, ಈಗ ಏನು ಸಿಕ್ಕಿತೋ, ಸಿಸ್ಟರ್ ಕಣ್ಣು ಕಿಟಕಿಯ ಆಚೆ ಎಲ್ಲೋ, ಕೈ ಮಾತ್ರ ಇಲ್ಲಿದೆ, ಬಲಕ್ಕೆ, ಎಡಕ್ಕೆ, ಸರಿಯುತ್ತಿದೆ, ಕೆಳಗೆ, ಗಾಜಿನ ಕಡ್ಡಿ ಕುಣಿಯುತ್ತಿದೆ, ಮುಳುಗೀತು, ಮುಳುಗಲಿಲ್ಲ, ಮುಳುಗಿದರೂ ಸರಿ, ಸೋಮವಾರ ನಾನೇ ನಡೆದುಕೊಂಡು ಹೋಗಿ ಮಲಗುತ್ತೇನೆ, ಆರುವವರೆಗೆ ಕಾದೆನಲ್ಲ, ಇನ್ನು ಯಾವುದಾದರೂ ನನ್ನದೇ — ನಿಮ್ಮ ಕೈ ಕೊಡಿ ಮಾನಸಾ, ಇಲ್ಲಿ, ಇನ್ನೂ ಕೆಳಗೆ, ಗುಂಡಗೆ, ಗಟ್ಟಿಗೆ, ಸಿಕ್ತಾ, ತಲೆ. ಮಧ್ಯಾಹ್ನ ಸ್ಕ್ಯಾನಲ್ಲೂ ನೋಡಿಬಿಡೋಣ, ನನ್ನ ಕೈಗಂತೂ ಅನುಮಾನ ಇಲ್ಲ. ಕಣ್ಣು ಯಾಕೆ ತುಂಬಬೇಕು, ಗೆದ್ದದ್ದಕ್ಕಲ್ಲ, ಒಳಗಿರುವುದೂ ನನ್ನಂಥದ್ದೇ, ತನಗೆ ತೋಚಿದಾಗ ತಿರುಗಿತು, ಪಂಚಾಂಗ ಕೇಳಲಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರು ಇರಬಹುದು, ಯಾರು ಅಂತ ಯೋಚಿಸಿ ಅಂದಿದ್ರಲ್ಲ ಸಿಸ್ಟರ್, ಅತ್ತೇನೇ ಇರ್ತಾರೆ, ಒಳಗೆ ಕರೀರಿ, ಅಂದೆ. ಅತ್ತೆ ಬಂದರು, ಫ್ಲಾಸ್ಕು ನೆಲಕ್ಕಿಟ್ಟರು, ಯಾರೂ ಹೇಳದೆಯೇ ಅಂಗೈಗೆ ಅಂಗೈ ಉಜ್ಜಿಕೊಂಡರು, ಇಟ್ಟರು, ತುಂಬ ಹೊತ್ತು ಇಟ್ಟೇ ಇದ್ದರು, ಸ್ವಾಮಾರ ಅಲ್ದಿದ್ರೆ ಮಂಗ್ಳವಾರ ಬರ್ಲಿ ಬಿಡು, ನಿನ್ ಮಾವನ್ ಅಂಗಡಿ ದಿನಾ ತೆಗ್ದಿರ್ತದೆ, ಅಂದರು, ಕೈ ಅಲ್ಲಾಡುತ್ತಿಲ್ಲ, ನನ್ನ ಕೈಯ ಮೇಲೆ ಅವರ ಕೈ, ಅದರಡಿಯಲ್ಲಿ ಆ ಗುಂಡು, ಕುಣಿತ ನಿಂತಿದೆ, ಆರಿದ ಹಾಲು, ಭಾರದ ಬುರುಡೆ ಕೆಳಗೆ, ಸಣ್ಣ ಕತ್ತು ಮೇಲೆ, ನೆಟ್ಟಗೆ, ಗೆರೆಗೆ ಸರಿಯಾಗಿ, ಗಾಜಿನ ಕಡ್ಡಿ —