ಏಣಿಯ ತುದಿಗೆ ಕೂರಿಸಿದವಳು

ಕಾಲು, ಕೆಸರು ಒಣಗಿದ ಪುಟ್ಟ ಬರಿಗಾಲು, ಆಟದ ಏಣಿಯ ಕೆಳಗಿನ ಕಂಬಿ ಹುಡುಕುತ್ತಿದೆ, ಸಿಗುತ್ತಿಲ್ಲ, ಅಯ್ಯೋ ಇನ್ನೊಂದು ಚೂರು ಕೆಳಗೆ, ಅಲ್ಲೇ ಇದೆಯಲ್ಲೇ ತಾಯಿ — ಹೇಳಬಾರದು, ಬಾಯಿ ಮುಚ್ಕೊಂಡಿರು, ಅವಳೇ ಹುಡುಕಲಿ, ಈ ಹೆಡ್ ಮೇಡಂಗೆ ಏನು ಹೇಳುವುದು, ಶಿಶುವಿಹಾರ ನೋಡಲು ಅಧಿಕಾರಿ ಗೇಟಿನೊಳಗೆ ಕಾಲಿಟ್ಟದ್ದೇ ತಡ, ಬನ್ನಿ ಸಾರ್ ನಮ್ಮ ಮಕ್ಕಳು ಹೊರಗಡೆ ಎಷ್ಟು ಚೆನ್ನಾಗಿ ಆಡ್ತಾರೆ ನೋಡಿ ಅಂತ, ಮೂಲೆಯಲ್ಲಿ ತಮ್ಮ ಪಾಡಿಗೆ ಕೆಸರು ಕಲಸುತ್ತಿದ್ದವರನ್ನೆಲ್ಲ ಎಬ್ಬಿಸಿ, ಕೈ ತೊಳೆಸಿ, ಕಾಲು ಮರೆತು, ಒಬ್ಬೊಬ್ಬರನ್ನೇ ಎತ್ತಿ ಒಂದೊಂದು ಕಡೆ ಕೂರಿಸಿದ್ದು, ಉಯ್ಯಾಲೆಗೆ ಇಬ್ಬರು, ಜಾರುಬಂಡೆಗೆ ಒಬ್ಬ, ಅಂಗಡಿಯಲ್ಲಿ ಬೊಂಬೆ ಜೋಡಿಸಿದ ಹಾಗೆ, ಏಣಿಯ ತುದಿಗೆ ಇವಳನ್ನು, ಹೋಗಿ ಹೋಗಿ ಇವಳನ್ನೇ, ದಿನವಿಡೀ ನನ್ನ ಬಟ್ಟೆ ಹಿಡಿದು ಓಡಾಡುವ ಈ ಅಂಟುಪುರಲೆಯನ್ನು. ತಾನಾಗಿ ಹತ್ತಿದ್ದರೆ ಇಳಿಯುವುದೂ ಗೊತ್ತಿರುತ್ತಿತ್ತು, ಇವಳು ಹತ್ತಲೇ ಇಲ್ಲವಲ್ಲ. ಫೋಟೋ ಆಯಿತು, ಅಧಿಕಾರಿ ತಲೆಯಾಡಿಸಿದರು, ಎಲ್ಲರೂ ಹಾಲು ಕುಡಿಯಲು ಒಳಗೆ ಹೋದರು, ಉಳಿದದ್ದು ಮೇಲೆ ಇವಳು, ಕೆಳಗೆ ನಾನು.

ಎತ್ತಿಕೊಳ್ಳಲು ಕೈ ಚಾಚಿದರೆ, ಬೇಡ ಮಿಸ್, ನಾನೇ — ಈ ಬಾಯಲ್ಲಿ ನಾನೇ! ಚಪ್ಪಲಿ ಹಾಕಿಕೊಳ್ಳಲೂ ನೀನೇ ಮಿಸ್ ಅನ್ನುವವಳು, ಇವತ್ತೇ ಮೊದಲು, ಈಗ ಎತ್ತಿ ಇಳಿಸಿಬಿಟ್ಟರೆ ಆ ನಾನೇ ಮತ್ತೆ ಯಾವಾಗ ಬಂದೀತು, ಎತ್ತದೆ ಬಿದ್ದುಬಿಟ್ಟರೆ, ಇವಳಮ್ಮ, ಮೊನ್ನೆ ಮೊಣಕೈ ತರಚಿದ್ದಕ್ಕೇ ಗೇಟಿನಲ್ಲಿ ನಿಂತು, ಕಣ್ಣೇನು ಜೇಬಲ್ಲಿಟ್ಕೊಂಡಿದ್ರಾ ಮೇಡಂ, ಪಾಪ ಅವರದೇನು ತಪ್ಪು, ಇರುವುದೊಂದು ಕೂಸು. ಒಳಗಿಂದ ಆಯಾ, ಬನ್ನಿ ಮಿಸ್ ಹಾಲು ಆರ್ತಿದೆ, ಆರಲಿ ಬಿಡಮ್ಮ, ಹಾಳಾದ ಹಾಲು! ಕಾಲು ಮತ್ತೆ ಕೆಳಗೆ ಬಂತು, ಬೆರಳು ಮಡಚಿತು, ಬಿಚ್ಚಿತು, ಹೆಬ್ಬೆರಳು ಕಂಬಿಗೆ ತಾಗಿತು, ತಾಗಿತು, ನನ್ನ ಕೈ ತಾನಾಗಿ ಮೇಲೆದ್ದಿದೆ, ಮುಟ್ಟಿಲ್ಲ, ಮುಟ್ಟುವುದಿಲ್ಲ, ಹಾಗೇ ಊರು, ಊರು ಚಿನ್ನ, ಹಲ್ಲು ಕಚ್ಚಿಕೊಂಡಿದ್ದೆ, ದೇವರಾಣೆಗೂ ಕಚ್ಚಿಕೊಂಡಿದ್ದೆ — ಹುಷಾರು ಕಣೇ! ಕೂಗಿದ್ದು ನಾನು. ಅವಳು ಬೆಚ್ಚಿಬಿದ್ದು ನೋಡಿದಳು, ಕಂಬಿಯನ್ನಲ್ಲ, ನನ್ನನ್ನು, ತುಟಿ ನಡುಗಿತು, ಎತ್ಕೋ ಮಿಸ್, ಎತ್ಕೋ, ಮತ್ತೆ ಆ ಕಾಲು, ಕಂಬಿ ಬಿಟ್ಟು, ಗಾಳಿಯಲ್ಲಿ, ಆ ಕಾಲು